ಕತ್ತಿಯ ಕರಾರು

ಮುಂದುವರಿದ ಭಾಗಗಳ ಬಗ್ಗೆ ನನಗೆ ಬಹಳ ಕಾಲದಿಂದ ಒಂದು ತಕರಾರಿದೆ. ಮೊದಲ ಭಾಗದಲ್ಲಿ ಒಂದು ರಾಜ್ಯಕ್ಕೆ ಅಪಾಯವಿದ್ದರೆ ಎರಡನೆಯ ಭಾಗದಲ್ಲಿ ಇಡೀ ಲೋಕಕ್ಕೇ ಅಪಾಯ ಬಂದಿರುತ್ತದೆ. ಮೊದಲ ಭಾಗದ ಕತ್ತಿ ಹತ್ತು ಜನರನ್ನು ಕೆಡವಿದರೆ ಎರಡನೆಯ ಭಾಗದ ಕತ್ತಿ ಬೆಟ್ಟವನ್ನೇ ಸೀಳುತ್ತದೆ. ಮೊದಲ ಭಾಗದಲ್ಲಿ ಮೋಡದ ಮರೆಯಲ್ಲಿದ್ದ ದೇವತೆಗಳು ಎರಡನೆಯದರಲ್ಲಿ ನೆಲಕ್ಕಿಳಿದು ಬೈದಾಡಿಕೊಳ್ಳತೊಡಗುತ್ತಾರೆ. ಎಲ್ಲವೂ ದೊಡ್ಡದಾಗುತ್ತಾ ಹೋದ ಹಾಗೆ ಓದುವವನ ಆತಂಕ ಮಾತ್ರ ಸಣ್ಣದಾಗುತ್ತಾ ಬರುತ್ತದೆ. ಲೋಕ ಮುಳುಗುವುದಿಲ್ಲ ಎಂದು ಅವನಿಗೆ ಗೊತ್ತು, ಏಕೆಂದರೆ ಮೂರನೆಯ ಭಾಗದ ಜಾಹೀರಾತು ಪುಸ್ತಕದ ಹಿಂದಿನ ಪುಟದಲ್ಲೇ ಅಚ್ಚಾಗಿರುತ್ತದೆ. ಈ ಕಾರಣಕ್ಕೆ ಖಡ್ಗ, ಮಂತ್ರ, ದೇವಯುದ್ಧಗಳ ಕಥೆಗಳನ್ನು ಇಷ್ಟಪಟ್ಟು ಓದುವ ನಾನು ಅವುಗಳ ಎರಡನೆಯ ಸಂಪುಟವನ್ನು ಎತ್ತಿಕೊಳ್ಳಲು ಸದಾ ಹಿಂಜರಿಯುತ್ತೇನೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಕಳೆದ ಮಳೆಗಾಲದಲ್ಲಿ ಊರಿಗೆ ಬಂದಾಗ ಇದಕ್ಕೆ ತದ್ವಿರುದ್ಧವಾದ ದೂರೊಂದನ್ನು ಹೊತ್ತು ತಂದಿದ್ದ. ಅವನು ಓದುತ್ತಿದ್ದುದು ಅಮೆರಿಕದ ಲೇಖಕ ಫ್ರೆಡ್ ಸೇಬರ್‌ಹೇಗನ್‌ನ ಖಡ್ಗಮಾಲಿಕೆಯ ಎರಡನೆಯ ಸಂಪುಟವನ್ನು. "ಮಾವ, ಮೊದಲನೇದು ಚೆನ್ನಾಗಿತ್ತು. ಇದರಲ್ಲಿ ಯುದ್ಧವೇ ಇಲ್ಲ, ಬರೀ ಕಳ್ಳತನ" ಎಂದು ಹೇಳಿ ಪುಸ್ತಕವನ್ನು ನಮ್ಮ ಮನೆಯಲ್ಲೇ ಬಿಟ್ಟುಹೋದ. ಎರಡನೆಯ ಭಾಗದಲ್ಲಿ ಯುದ್ಧವಿಲ್ಲ ಎಂಬ ಮಾತು ನನಗೆ ದೂರಿಗಿಂತ ಹೆಚ್ಚಾಗಿ ಆಹ್ವಾನದಂತೆ ಕೇಳಿಸಿತು. ಓದಿ ಮುಗಿಸಿದ ಮೇಲೆ, ದೈವದತ್ತವಾದ ಆಯುಧಗಳ ಕಥೆಯನ್ನು ಮುಂದುವರಿಸುವುದು ಎಂದರೇನು ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ಅದಕ್ಕೆ ನನಗೆ ಹೊಳೆದ ಉತ್ತರಗಳಲ್ಲಿ ಅರ್ಧದಷ್ಟು ಆ ಪುಸ್ತಕದಿಂದ ಬಂದವು, ಉಳಿದರ್ಧ ನಮ್ಮ ಮಲೆನಾಡಿನ ಕಲ್ಲುಗಳಿಂದ ಮತ್ತು ತಾಳಮದ್ದಳೆಯ ರಾತ್ರಿಗಳಿಂದ ಬಂದವು.

ಮಾಲಿಕೆಯನ್ನು ಓದದವರಿಗಾಗಿ ಒಂದೆರಡು ಮಾತು ಸಾಕು. ದೇವಶಿಲ್ಪಿ ವಲ್ಕನ್ ಬೆಟ್ಟದ ಮೇಲೆ ಕುಲುಮೆ ಹೂಡಿ ಹನ್ನೆರಡು ಖಡ್ಗಗಳನ್ನು ಮಾಡುತ್ತಾನೆ. ಅವುಗಳನ್ನು ಮನುಷ್ಯರ ನಡುವೆ ಚೆಲ್ಲಿ, ಯಾರು ಯಾರನ್ನು ಕೊಲ್ಲುತ್ತಾರೆ ಎಂದು ನೋಡುತ್ತ ಕೂರುವುದು ದೇವತೆಗಳ ಆಟ. ಕುಲುಮೆಗೆ ನೆರವಾಗಲು ಕರೆದೊಯ್ದ ಕಮ್ಮಾರರಲ್ಲಿ ಬದುಕಿ ಹಿಂದಿರುಗಿದವನು ಜೋರ್ಡ್ ಒಬ್ಬನೇ, ಅವನೂ ಬಲಗೈಯನ್ನು ಕಳೆದುಕೊಂಡು ಬರುತ್ತಾನೆ. ಆ ಕೈಯ ಬದಲಿಗೆ ಅವನಿಗೆ ಒಂದು ಖಡ್ಗ ಸಿಗುತ್ತದೆ. ಮೊದಲ ಮತ್ತು ಎರಡನೆಯ ಸಂಪುಟಗಳು 1983ರಲ್ಲಿ, ಮೂರನೆಯದು 1984ರಲ್ಲಿ ಬಂದವು. ಕಥಾನಾಯಕ ಮಾರ್ಕ್ ಈ ಕಮ್ಮಾರನ ಮನೆಯಲ್ಲಿ ಬೆಳೆದ ಹುಡುಗ.

ಈ ಖಡ್ಗಗಳ ವಿಶೇಷವಿರುವುದು ಅವುಗಳ ಶಕ್ತಿಯಲ್ಲಿ ಅಲ್ಲ, ಪ್ರತಿಯೊಂದು ಶಕ್ತಿಯ ಜೊತೆಗೂ ಬಿಗಿದಿರುವ ಕರಾರಿನಲ್ಲಿ. ಶೀಲ್ಡ್‌ಬ್ರೇಕರ್ ಹಿಡಿದವನನ್ನು ಯಾವ ಆಯುಧವೂ ಮುಟ್ಟಲಾರದು, ಆದರೆ ಬರಿಗೈಯಲ್ಲಿ ಬಂದವನ ಮುಂದೆ ಅದು ನಿಷ್ಪ್ರಯೋಜಕ. ಸಾಲದ್ದಕ್ಕೆ, ಕಾಳಗದ ನಡುವೆ ಅದನ್ನು ಕೈಬಿಡುವುದೂ ಸಾಧ್ಯವಿಲ್ಲ. ಫಾರ್‌ಸ್ಲೇಯರ್ ಅನ್ನು ಶತ್ರುವನ್ನು ನೆನೆದು ಎಸೆದರೆ ಅವನು ಎಲ್ಲಿದ್ದರೂ ಹುಡುಕಿಕೊಂಡು ಹೋಗಿ ಕೊಲ್ಲುತ್ತದೆ. ಕೊಂದ ಮೇಲೆ ಅಲ್ಲೇ ಉಳಿಯುತ್ತದೆ, ಅಂದರೆ ಸತ್ತವನ ಅಣ್ಣತಮ್ಮಂದಿರ ಕೈಗೆ ಸಿಗುತ್ತದೆ. ಕಾಯಿನ್‌ಸ್ಪಿನ್ನರ್ ಅದೃಷ್ಟವನ್ನು ಕೊಡುತ್ತದೆ ಮತ್ತು ತನಗೆ ಮನಸ್ಸು ಬಂದಾಗ ಹೇಳದೆ ಕೇಳದೆ ಹೊರಟುಹೋಗುತ್ತದೆ. ಸೋಲ್‌ಕಟರ್ ಒರೆಯಿಂದ ಹೊರಬಂದರೆ ಸುತ್ತಲಿನವರೆಲ್ಲರನ್ನೂ ಹತಾಶೆ ಕವಿಯುತ್ತದೆ, ಹಿಡಿದವನಿಗೂ ಅದರಿಂದ ವಿನಾಯಿತಿ ಇಲ್ಲ. ಹೀಗೆ ಪ್ರತಿ ಖಡ್ಗದಲ್ಲೂ ಅದನ್ನು ಹಿಡಿದವನು ಸೋಲುವ ದಾರಿಯೂ ಅಡಗಿದೆ. ನಮ್ಮ ಪುರಾಣಗಳನ್ನು ಕೇಳಿ ಬೆಳೆದವರಿಗೆ ಇದರಲ್ಲಿ ಹೊಸದೇನೂ ಕಾಣಿಸದು. ಇಂದ್ರ ಕೊಟ್ಟ ಶಕ್ತ್ಯಾಯುಧ ಕರ್ಣನಿಗೆ ಒಮ್ಮೆ ಮಾತ್ರ ದಕ್ಕುವಂಥದ್ದು. ಅಶ್ವತ್ಥಾಮನಿಗೆ ಬ್ರಹ್ಮಶಿರೋಸ್ತ್ರವನ್ನು ಬಿಡುವ ಮಂತ್ರ ಗೊತ್ತು, ಹಿಂದಕ್ಕೆ ಪಡೆಯುವ ಸಾಮರ್ಥ್ಯವಿಲ್ಲ. ವರವನ್ನು ಕೊಡುವಾಗಲೇ ಅದರ ಬಾಗಿಲಿಗೆ ಒಂದು ಸಂದು ಬಿಟ್ಟಿಡುವುದು ನಮ್ಮ ಕವಿಗಳ ಹಳೆಯ ಪದ್ಧತಿ.

ಊರಳಿವಿನ ಕಲ್ಲು

ಎರಡನೆಯ ಸಂಪುಟಕ್ಕೆ ಹೋಗುವ ಮುನ್ನ ಮೊದಲನೆಯದರ ಒಂದು ಪ್ರಸಂಗದ ಬಳಿ ನಿಲ್ಲಬೇಕಾಗಿದೆ. ಜೋರ್ಡ್‌ಗೆ ಸಿಕ್ಕ ಖಡ್ಗದ ಹೆಸರು ಟೌನ್‌ಸೇವರ್, ಊರು ಕಾಯುವ ಕತ್ತಿ. ಅಸಹಾಯಕರಾದ ಜನರನ್ನು ಕಾಪಾಡಲು ನಿಂತವನ ಕೈಯಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ಹಳ್ಳಿಯ ಮೇಲೆ ದಾಳಿ ನಡೆದಾಗ ಮಾರ್ಕ್‌ನ ಅಣ್ಣ ಕೆನ್ ಅದನ್ನು ಹಿಡಿಯುತ್ತಾನೆ. ಅವನಿಗೆ ಕತ್ತಿವರಸೆ ಬಾರದು, ಆದರೂ ಶಸ್ತ್ರಸಜ್ಜಿತರಾದ ಸವಾರರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಊರು ಉಳಿಯುತ್ತದೆ, ಕೆನ್ ಗಾಯಗಳಿಂದ ಸಾಯುತ್ತಾನೆ. ಊರನ್ನು ಕಾಯುವುದು ಆ ಕತ್ತಿಯ ಕರಾರು, ಹಿಡಿದವನನ್ನು ಕಾಯುವುದಲ್ಲ. ಅವನ ಮೈಗೆ ಎಷ್ಟು ಏಟು ಬಿದ್ದರೂ ಕೆಲಸ ಮುಗಿಯುವ ತನಕ ಅದು ಅವನನ್ನು ನಿಲ್ಲಲು ಬಿಡುವುದಿಲ್ಲ.

ಈ ಪುಟಗಳನ್ನು ಓದಿದ ಕೆಲವು ವಾರಗಳ ಮೇಲೆ ಶಿವಮೊಗ್ಗೆಯಲ್ಲಿ ಬೇರೊಂದು ಕೆಲಸಕ್ಕೆ ಹೋದವನು, ಆ ಕಚೇರಿಯಲ್ಲಿ ಸಾಹೇಬರು ಊಟಕ್ಕೆ ಹೋಗಿದ್ದ ಕಾರಣ, ಹೊತ್ತು ಕಳೆಯಲು ಶಿವಪ್ಪನಾಯಕನ ಅರಮನೆಯ ಕಡೆ ನಡೆದೆ. ಅಲ್ಲಿನ ಸರ್ಕಾರಿ ವಸ್ತುಸಂಗ್ರಹಾಲಯದ ಆವರಣದಲ್ಲಿ ವೀರಗಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಜಿಟಿಜಿಟಿ ಮಳೆ ಹಿಡಿದಿತ್ತು. ಒಣಗಿದಾಗ ಬೂದುಬಣ್ಣವಾಗಿ ಕಾಣುವ ಕಲ್ಲುಗಳೆಲ್ಲ ಒದ್ದೆಯಾಗಿ ಕಪ್ಪಗಾಗಿದ್ದವು, ಒದ್ದೆಯಾದಾಗಲೇ ಅವುಗಳ ಕೆತ್ತನೆ ಚೆನ್ನಾಗಿ ಎದ್ದು ಕಾಣುವುದು. ಚಿಕ್ಕಂದಿನಲ್ಲಿ ಶಾಲೆಯಿಂದ ಕರೆದುಕೊಂಡು ಬಂದಾಗ ಮೇಷ್ಟರು ಹೇಳಿಕೊಟ್ಟ ಕ್ರಮದಲ್ಲೇ, ಕೆಳಗಿನಿಂದ ಮೇಲಕ್ಕೆ, ನೋಡುತ್ತಾ ಹೋದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿರುವುದು. ಮೇಲಿನದರಲ್ಲಿ ಶಿವಲಿಂಗದ ಸನ್ನಿಧಿಯಲ್ಲಿ ಅವನು ಕುಳಿತಿರುವುದು, ಅದರ ಮೇಲೆ ಸೂರ್ಯಚಂದ್ರರು. ಒಂದು ಕಲ್ಲಿನ ಕೆಳಪಟ್ಟಿಕೆಯಲ್ಲಿ ದನಗಳ ಸಾಲು ಇತ್ತು, ಇನ್ನೊಂದರಲ್ಲಿ ಒಬ್ಬನ ಮೇಲೆ ಹಲವರು ಬಿಲ್ಲೆಳೆದು ನಿಂತಿದ್ದರು.

ಶಿಕಾರಿಪುರ, ಸೊರಬ ಸೀಮೆಯಲ್ಲಿ ಇಂಥ ಕಲ್ಲುಗಳು ಹೇರಳವಾಗಿವೆ. ಬಿ. ಎಲ್. ರೈಸ್ ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದಾಗ ಶಿವಮೊಗ್ಗ ಜಿಲ್ಲೆಯೊಂದಕ್ಕೇ ಎರಡು ಸಂಪುಟಗಳು ಬೇಕಾದವು. 1902ರಲ್ಲಿ ಏಳನೆಯದು, 1904ರಲ್ಲಿ ಎಂಟನೆಯದು. ಅವುಗಳಲ್ಲಿ ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ದನ ಹೊಡೆದುಕೊಂಡು ಹೋಗುತ್ತಿದ್ದಾಗ, ಊರನ್ನು ಸುಲಿಯುತ್ತಿದ್ದಾಗ, ಹೆಂಗಸರ ಮೇಲೆ ಕೈಮಾಡುತ್ತಿದ್ದಾಗ ಇಂಥವನು ಅಡ್ಡ ನಿಂತು, ಕಾದಿ, ಸತ್ತ ಎಂಬುದು ಸಾಮಾನ್ಯವಾದ ಒಕ್ಕಣೆ. ಅಲ್ಲಿ ವೀರನ ಹೆಸರಿರುತ್ತದೆ, ಅವನ ತಂದೆಯ ಹೆಸರಿರುತ್ತದೆ, ಆಗ ಆಳುತ್ತಿದ್ದ ಅರಸನ ಬಿರುದುಗಳು ಸಾಲುಗಟ್ಟಲೆ ಇರುತ್ತವೆ. ಕತ್ತಿಗೆ ಹೆಸರಿಟ್ಟ ಕಲ್ಲನ್ನು ನಾನು ನೋಡಿಲ್ಲ. ಪಾಶ್ಚಾತ್ಯರ ಖಡ್ಗಕಥೆಗಳಲ್ಲಿ ಕತ್ತಿಗೆ ಹೆಸರು, ಊರಿನವರಿಗೆ ಹೆಸರಿಲ್ಲ. ನಮ್ಮ ಕಲ್ಲುಗಳಲ್ಲಿ ಗೌಡನ ಮಗನಿಗೆ ಹೆಸರಿದೆ, ಕತ್ತಿ ಯಾವುದಾದರೂ ಆದೀತು. ಸೇಬರ್‌ಹೇಗನ್ ಕೆನ್‌ನ ಸಾವಿನ ಪ್ರಸಂಗದಲ್ಲಿ ಈ ಎರಡನೆಯ ಬಗೆಗೆ ಬಹಳ ಹತ್ತಿರ ಬರುತ್ತಾನೆ. ಆ ಸಾವಿನ ಭಾರ ಮಾರ್ಕ್‌ನ ಹೆಗಲ ಮೇಲೆ ಕುಳಿತಿರುವುದರಿಂದಲೇ ಎರಡನೆಯ ಸಂಪುಟದಲ್ಲಿ ಅವನು ಮಾಯಾಖಡ್ಗದ ಹೆಸರು ಕೇಳಿದರೆ ಹಿಗ್ಗುವುದಿಲ್ಲ. ಒಂದು ಒಳ್ಳೆಯ ಮುಂದುವರಿಕೆಗೆ ಬೇಕಾದ ಮೊದಲ ಬಂಡವಾಳ ಇದು ಎಂದು ನನಗೆ ತೋರುತ್ತದೆ: ಕತ್ತಿಯ ಬೆಲೆಯನ್ನು ಆಗಲೇ ಕಂಡಿರುವ ನಾಯಕ.

ಭಂಡಾರದಲ್ಲಿ ಕತ್ತಿ

ಈಗ ಆ ಕಳ್ಳತನಕ್ಕೆ ಬರೋಣ. ಎರಡನೆಯ ಸಂಪುಟದಲ್ಲಿ ಬ್ಲೂ ಟೆಂಪಲ್ ಎಂಬ ಸಂಸ್ಥೆಯೊಂದಿದೆ. ಹೆಸರಿಗೆ ದೇವಾಲಯ, ನಡೆಸುವುದು ಲೇವಾದೇವಿ, ಪೂಜಿಸುವುದು ಹಣವನ್ನು. ಅದರ ಭಂಡಾರವಿರುವ ಜಾಗ ಪರಮರಹಸ್ಯ. ಮಾರ್ಕ್‌ನ ಗೆಳೆಯ ಬೆನ್, ಮದುವೆಗೆ ದುಡ್ಡು ಬೇಕೆಂದು ಅಲ್ಲಿ ಕಾವಲುಗಾರನ ಕೆಲಸಕ್ಕೆ ಸೇರಿದವನು, ನಿಧಿಯನ್ನು ಹೊತ್ತು ಒಳಗೆ ಮುಟ್ಟಿಸಿ ಬಂದವರನ್ನು ದಾರಿಯ ಗುಟ್ಟು ಉಳಿಯಲೆಂದು ಕೊಂದುಹಾಕುತ್ತಾರೆ ಎಂಬುದನ್ನು ಅರಿತು ತಪ್ಪಿಸಿಕೊಂಡು ಬರುತ್ತಾನೆ. ಅವನಿಗೆ ದಾರಿ ಅರೆಬರೆ ಗೊತ್ತು. ಬ್ಯಾರನ್ ಡೂನ್ ಎಂಬ ಸಾಹಸಿಯ ಬಳಿ ವೇಫೈಂಡರ್ ಇದೆ. ಬಯಸಿದ ಕಡೆಗೆ ದಾರಿ ತೋರುವುದು ಆ ಖಡ್ಗದ ಗುಣ, ತೋರುವ ದಾರಿ ಸುರಕ್ಷಿತವೇ ಎಂದು ವಿಚಾರಿಸದಿರುವುದು ಅದರ ಕರಾರು. ಇವರೆಲ್ಲ ಸೇರಿ ಭಂಡಾರವನ್ನು ಒಡೆಯಲು ಹೊರಡುವುದೇ ಕಥೆ. ಬಾಗಿಲಲ್ಲಿ ಡ್ರ್ಯಾಗನ್ ಇದೆ, ಒಳಗೆ ಒಂದರ ಹಿಂದೊಂದು ಕಾವಲಿನ ಸುತ್ತುಗಳಿವೆ, ಎಲ್ಲಕ್ಕಿಂತ ಒಳಗೆ ಚಿನ್ನದ ಜೊತೆಗೆ ದೈವದತ್ತ ಖಡ್ಗಗಳು ಕುಳಿತಿವೆ.

ಅಕ್ಕನ ಮಗನಿಗೆ ಬೇಸರ ತಂದದ್ದು ಇದೇ. ನನಗೆ ಈ ಸಂಪುಟ ಮೆಚ್ಚುಗೆಯಾದದ್ದೂ ಇದರಿಂದಲೇ. ದೇವತೆಗಳು ತಮ್ಮ ಆಟಕ್ಕಾಗಿ ಚೆಲ್ಲಿದ ಕತ್ತಿಗಳನ್ನು ಮನುಷ್ಯರಲ್ಲಿ ಯಾರೋ ಕೆಲವರು ಬೀಸಲೂ ಇಲ್ಲ, ಮುರಿಯಲೂ ಇಲ್ಲ. ಎತ್ತಿ ಬೀಗ ಹಾಕಿ ಇಟ್ಟರು, ಲೆಕ್ಕದ ಪುಸ್ತಕಕ್ಕೆ ಏರಿಸಿದರು. ಯಾವ ದೇವತೆಯೂ ಇದನ್ನು ಊಹಿಸಿರಲಿಲ್ಲ. ಖಡ್ಗದ ಕಥೆಯನ್ನು ಇನ್ನಷ್ಟು ಮೇಲಕ್ಕೆ ಏರಿಸುವ ಬದಲು ಪಕ್ಕಕ್ಕೆ ತಿರುಗಿಸಿ, ಯಾರ ಕತ್ತಿ ದೊಡ್ಡದು ಎಂಬ ಪ್ರಶ್ನೆಯನ್ನು ಬಿಟ್ಟು ಕತ್ತಿ ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಕೇಳುವುದು, ಇಂಥ ಮಾಲಿಕೆಗಳಲ್ಲಿ ನಾನು ಅಪರೂಪವಾಗಿ ಕಂಡ ಜಾಣತನ.

ಹೊಸನಗರ ತಾಲ್ಲೂಕಿನವರಿಗೆ ಈ ಕಥೆ ಓದುವಾಗ ನಗರದ ಕೋಟೆ ನೆನಪಾಗದೆ ಇರದು. ಕೆಳದಿ ಅರಸರು ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಈಗ ನಗರ ಎಂದು ಕರೆಯುವ ಬಿದನೂರಿಗೆ ರಾಜಧಾನಿಯನ್ನು ಬದಲಿಸುತ್ತಾ ಬಂದು, ಘಟ್ಟದ ಅಂಚಿನ ದಟ್ಟ ಕಾಡಿನ ನಡುವೆ, ಕಾಳುಮೆಣಸು ಅಕ್ಕಿಗಳ ವ್ಯಾಪಾರದಿಂದ ಬಂದ ಹೊನ್ನನ್ನು ಕೂಡಿಹಾಕಿದರು. 1763ರಲ್ಲಿ, ರಾಣಿ ವೀರಮ್ಮಾಜಿಯ ಕಾಲದಲ್ಲಿ, ಹೈದರಾಲಿ ಅದನ್ನು ವಶಪಡಿಸಿಕೊಂಡ. ಅವನ ಮುಂದಿನ ಏಳಿಗೆಗೆ ಆ ಭಂಡಾರವೇ ಆಧಾರವಾಯಿತು ಎಂದು ಇತಿಹಾಸಕಾರರು ಬರೆದಿದ್ದಾರೆ. ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಹೇಳುವ ಪ್ರಕಾರ ಕುಂಸಿಯಲ್ಲಿ ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣ ಎಂಬವನು ಹೈದರನಿಗೆ ಗುಪ್ತವಾದ ದಾರಿಯನ್ನು ತೋರಿಸಿದ. ಕೋಟೆಯನ್ನು ಒಡೆಯಲು ಫಿರಂಗಿಗಿಂತ ಹೆಚ್ಚಾಗಿ ಒಳಗಿನ ದಾರಿ ಬಲ್ಲ ಒಬ್ಬ ಅಸಮಾಧಾನಿ ಬೇಕು ಎಂಬುದು ಬೆನ್‌ನ ಕಥೆಯಲ್ಲಿಯೂ ನಿಜ, ಬಿದನೂರಿನ ಕಥೆಯಲ್ಲಿಯೂ ನಿಜ. ಈಗಲೂ ನಗರದ ಕಡೆ ಹೋದರೆ ಉಳಿದ ನಿಧಿ ಇಂಥ ಕೊಳದಲ್ಲಿದೆ, ಇಂಥ ಬಾವಿಯಲ್ಲಿದೆ ಎಂದು ಹೇಳುವವರು ಸಿಗುತ್ತಾರೆ. ಡ್ರ್ಯಾಗನ್ನಿನ ಬದಲು ಏಳು ಹೆಡೆಯ ಸರ್ಪ ಕಾಯುತ್ತದೆ ಎಂಬುದಷ್ಟೇ ವ್ಯತ್ಯಾಸ.

ಆಯುಧವನ್ನು ಒಪ್ಪಿಸಿ ಸುಮ್ಮನಿರುವ ಅನುಭವ ನಮ್ಮ ಕಡೆಯ ಕೃಷಿಕರಿಗೆ ಇನ್ನೊಂದು ರೀತಿಯಲ್ಲೂ ಇದೆ. ಹಂದಿ, ಮಂಗಗಳ ಕಾಟಕ್ಕೆಂದು ಪರವಾನಗಿ ಪಡೆದು ಇಟ್ಟುಕೊಂಡ ಕೋವಿಯನ್ನು ಪ್ರತಿ ಚುನಾವಣೆಗೂ ಠಾಣೆಗೆ ಒಪ್ಪಿಸಬೇಕು. ಚೀಟಿ ಕಟ್ಟಿಸಿಕೊಂಡು ಸಾಲಾಗಿ ಗೋಡೆಗೆ ಒರಗಿ ನಿಂತ ಆ ಕೋವಿಗಳನ್ನು ನೋಡಿದರೆ, ಅಜ್ಜನ ಕಾಲದಲ್ಲಿ ಹುಲಿ ಹೊಡೆದದ್ದೆಂದು ಮನೆಯಲ್ಲಿ ಖ್ಯಾತಿ ಪಡೆದದ್ದು ಯಾವುದು, ಹಬ್ಬಕ್ಕೆ ಗಾಳಿಯಲ್ಲಿ ಹೊಡೆಯುವುದಕ್ಕೆ ಮಾತ್ರ ಹೊರಬರುವುದು ಯಾವುದು ಎಂದು ಯಾರೂ ಹೇಳಲಾರರು. ಪುಸ್ತಕದ ಭಂಡಾರದಲ್ಲಿ ಖಡ್ಗಗಳು ಚಿನ್ನದ ಗಟ್ಟಿಗಳ ನಡುವೆ ಬಿದ್ದಿರುವ ಭಾಗವನ್ನು ಓದುವಾಗ ನನ್ನ ಕಣ್ಣಿಗೆ ಕಟ್ಟಿದ್ದು ಆ ಗೋಡೆ. ಪಾಂಡವರು ಶಮೀವೃಕ್ಷದಲ್ಲಿ ಆಯುಧಗಳನ್ನು ಬಚ್ಚಿಟ್ಟದ್ದಕ್ಕೂ ಇದಕ್ಕೂ ಒಂದು ಮುಖ್ಯವಾದ ಅಂತರವಿದೆ. ಅವರು ಇಟ್ಟದ್ದು ಮತ್ತೆ ಎತ್ತಿಕೊಳ್ಳಲು. ವರ್ಷ ತುಂಬಿದೊಡನೆ ಬನ್ನಿಮರ ಬರಿದಾಗುತ್ತದೆ. ಬ್ಲೂ ಟೆಂಪಲ್‌ನವರು ಇಟ್ಟದ್ದು ಇಟ್ಟುಕೊಳ್ಳುವುದಕ್ಕಾಗಿಯೇ.

ಸುಧನ್ವನಿಗೆ ಮೂರು ಬಾಣ

ಎರಡನೆಯ ಭಾಗವೆಂದರೆ ನಮ್ಮಲ್ಲಿ ಎಲ್ಲರಿಗಿಂತ ಮೊದಲು ನೆನಪಾಗಬೇಕಾದವನು ಲಕ್ಷ್ಮೀಶ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ. ಅವನು ಬಿಟ್ಟ ಪರ್ವಗಳನ್ನು ಕೃಷ್ಣದೇವರಾಯನ ಆಸ್ಥಾನದ ತಿಮ್ಮಣ್ಣಕವಿ ಪೂರ್ತಿ ಮಾಡಿದ, ಪಾಪ, ಅವನನ್ನು ಓದುವವರು ಬಹಳ ಕಡಿಮೆ. ಬಿಟ್ಟ ಜಾಗವನ್ನು ತುಂಬುವ ಕವಿಗೆ ಸಿಗುವ ಮರ್ಯಾದೆ ಅಷ್ಟೇ ಇರಬೇಕು. ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶ ಜೈಮಿನಿ ಭಾರತದಲ್ಲಿ ಬೇರೆ ದಾರಿ ಹಿಡಿದ. ಯುದ್ಧ ಮುಗಿದಿದೆ, ಸತ್ತವರೆಲ್ಲ ಸತ್ತಿದ್ದಾರೆ, ಧರ್ಮರಾಯನಿಗೆ ಬಂಧುಹತ್ಯೆಯ ಪಾಪ ಕಾಡುತ್ತಿದೆ, ಪರಿಹಾರಕ್ಕೆ ಅಶ್ವಮೇಧ. ಕುದುರೆಯ ಹಿಂದೆ ಹೊರಟ ಅರ್ಜುನನ ಕೈಯಲ್ಲಿ ಅದೇ ಗಾಂಡೀವ, ಪಕ್ಕದಲ್ಲಿ ಅದೇ ಕೃಷ್ಣ. ಹೊಸ ಅಸ್ತ್ರವೊಂದನ್ನೂ ಲಕ್ಷ್ಮೀಶ ಎರಕ ಹೊಯ್ಯುವುದಿಲ್ಲ. ಹಳೆಯ ಅಸ್ತ್ರಗಳ ಎದುರಿಗೆ ಹೊಸ ಬಗೆಯ ಎದುರಾಳಿಗಳನ್ನು ತಂದು ನಿಲ್ಲಿಸುತ್ತಾನೆ.

ಹಲವು ವರ್ಷಗಳ ಹಿಂದೆ, ಆಷಾಢದ ಒಂದು ರಾತ್ರಿ, ನೆಂಟರ ಮನೆಯೊಂದರ ಜಗಲಿಯಲ್ಲಿ ಕೇಳಿದ ಸುಧನ್ವಾರ್ಜುನ ತಾಳಮದ್ದಳೆ ನನಗೆ ಇಂದಿಗೂ ಮಾತುಮಾತಾಗಿ ನೆನಪಿದೆ. ವೇಷವಿಲ್ಲ, ಕುಣಿತವಿಲ್ಲ, ನಡುವೆ ಭಾಗವತರು ಮತ್ತು ಮದ್ದಳೆ, ಆಚೆ ಈಚೆ ಪಂಚೆ ಶಲ್ಯ ತೊಟ್ಟು ಕುಳಿತ ಅರ್ಥಧಾರಿಗಳು. ಪ್ರಸಂಗ ಕೇಳುಗರಿಗೆಲ್ಲ ಗೊತ್ತು. ಚಂಪಕಾಪುರಿಯ ಹಂಸಧ್ವಜನ ಮಗ ಸುಧನ್ವ ಯುದ್ಧಕ್ಕೆ ತಡವಾಗಿ ಬಂದದ್ದಕ್ಕೆ ಕಾಯ್ದ ಎಣ್ಣೆಯ ಕೊಪ್ಪರಿಗೆಗೆ ಬೀಳುತ್ತಾನೆ, ಹರಿಸ್ಮರಣೆಯಿಂದ ಬದುಕಿ ರಣರಂಗಕ್ಕೆ ಬರುತ್ತಾನೆ. ಅವನೂ ಕೃಷ್ಣಭಕ್ತ, ಎದುರಿಗಿರುವವನೂ ಕೃಷ್ಣಭಕ್ತ. ಆ ರಾತ್ರಿ ಅರ್ಜುನನ ಅರ್ಥ ಹೇಳುತ್ತಿದ್ದವರು ವಯಸ್ಸಾದವರು, ಊರಲ್ಲಿ ಮೇಷ್ಟರಾಗಿದ್ದವರು. ಸುಧನ್ವನದು ಅಡಕೆ ವ್ಯಾಪಾರದ ಒಬ್ಬ ಯುವಕ. ಮೂರು ಬಾಣಗಳಲ್ಲಿ ನಿನ್ನ ತಲೆಯನ್ನು ಕತ್ತರಿಸದಿದ್ದರೆ ಎಂದು ಅರ್ಜುನ ಪ್ರತಿಜ್ಞೆ ಮಾಡಿದ. ಆ ಮೂರನ್ನೂ ಕತ್ತರಿಸದಿದ್ದರೆ ಎಂದು ಸುಧನ್ವ ಪ್ರತಿಜ್ಞೆ ಮಾಡಿದ. ಭಾಗವತರು ಪದ್ಯವನ್ನು ನಿಲ್ಲಿಸಿದ ಮೇಲೆ ಯುವಕ ತುಸು ಹೊತ್ತು ಸುಮ್ಮನಿದ್ದು ಕೇಳಿದ: "ಪಾರ್ಥ, ನಿನ್ನ ಬಾಣಕ್ಕೆ ಸ್ವಾಮಿ ತನ್ನ ಪುಣ್ಯವನ್ನು ಧಾರೆಯೆರೆಯುತ್ತಿದ್ದಾನಲ್ಲ, ಹಾಗಾದರೆ ನನ್ನನ್ನು ಕೊಲ್ಲುವವನು ನೀನೋ ಅವನೋ? ಅವನೇ ಆದರೆ ನೀನು ಬಿಲ್ಲನ್ನು ಕೆಳಗಿಡಬಹುದು. ನನಗೆ ಅದರಿಂದ ಸಂತೋಷವೇ." ಮೇಷ್ಟರು ಬಲವಾದ ಉತ್ತರವನ್ನೇ ಕೊಟ್ಟರು, ಸಾರಥಿಯಿಲ್ಲದ ರಥಿಕನಿಲ್ಲ ಎಂಬ ಅರ್ಥದ್ದು, ಆದರೆ ಯುವಕ ಪಟ್ಟು ಸಡಿಲಿಸಲಿಲ್ಲ. "ನಿನಗೆ ಅವನ ನೆರವು ಬೇಕು. ನನಗೆ ಅವನು ಎದುರಿಗೆ ಕಂಡರೆ ಸಾಕು. ನಮ್ಮಿಬ್ಬರಲ್ಲಿ ಬಡವನಾರು?" ಎಂದ. ಪಕ್ಕದಲ್ಲಿ ಎಲೆಅಡಕೆ ಹಾಕಿಕೊಳ್ಳುತ್ತಿದ್ದ ಹಿರಿಯರೊಬ್ಬರು ಸುಣ್ಣದ ಬೆರಳನ್ನು ಹಾಗೇ ಹಿಡಿದುಕೊಂಡು, "ಹುಡುಗ ಗೆದ್ದ ಮಾರಾಯ, ತಲೆ ಬೀಳುವುದೊಂದು ಬಾಕಿ" ಎಂದರು.

ತಲೆ ಬೀಳುವುದು ಹೇಗೆ ಎಂಬಲ್ಲೇ ಈ ಕಥೆಯ ಜೀವವಿದೆ. ಕೃಷ್ಣ ಗೋವರ್ಧನವನ್ನೆತ್ತಿ ಗೋವುಗಳನ್ನು ಕಾಯ್ದ ಪುಣ್ಯವನ್ನು ಬಾಣಕ್ಕೆ ಕೊಡುತ್ತಾನೆ, ಸುಧನ್ವ ಅದನ್ನು ಕತ್ತರಿಸುತ್ತಾನೆ. ಎರಡನೆಯದನ್ನೂ ಕತ್ತರಿಸುತ್ತಾನೆ. ಮೂರನೆಯದೂ ಎರಡು ತುಂಡಾಗುತ್ತದೆ, ಆದರೆ ಅದರ ಮುಂದಿನ ತುಂಡು ಬಂದು ಅವನ ತಲೆಯನ್ನು ಹಾರಿಸುತ್ತದೆ. ಇಬ್ಬರ ಪ್ರತಿಜ್ಞೆಯೂ ಉಳಿಯಿತು. ಕತ್ತರಿಸುತ್ತೇನೆಂದವನು ಕತ್ತರಿಸಿದ, ಕೊಲ್ಲುತ್ತೇನೆಂದವನು ಕೊಂದ. ತಲೆ ಕೃಷ್ಣನ ಪಾದದ ಬಳಿಗೆ ಬಂದು ಬೀಳುತ್ತದೆ. ಅರ್ಜುನನಿಗೆ ಸಿಕ್ಕದ್ದು ಗೆಲುವು ಎಂದು ಹೇಳಲು ಯಾವ ಕೇಳುಗನಿಗೂ ಮನಸ್ಸಾಗುವುದಿಲ್ಲ.

ಸೇಬರ್‌ಹೇಗನ್‌ನ ದೇವತೆಗಳು ನನಗೆ ತೆಳುವಾಗಿ ಕಂಡದ್ದು ಈ ಹೋಲಿಕೆಯಿಂದ. ಅವರು ಪಂದ್ಯ ಕಟ್ಟುವವರು. ತಮ್ಮ ತಮ್ಮಲ್ಲಿ ಜಗಳವಾಡುತ್ತಾರೆ, ಮನುಷ್ಯರ ಸಾವನ್ನು ಅಂಕವಾಗಿ ಎಣಿಸುತ್ತಾರೆ, ತಾವು ಮಾಡಿಸಿದ ಕತ್ತಿಗಳು ತಮ್ಮನ್ನೂ ಕೊಲ್ಲಬಲ್ಲವು ಎಂದು ತಿಳಿದಾಗ ಗಾಬರಿಯಾಗುತ್ತಾರೆ. ಇದರಲ್ಲಿ ವ್ಯಂಗ್ಯವಿದೆ, ನಗುವೂ ಇದೆ. ಆದರೆ ಅಂಥ ದೇವತೆಯ ಎದುರಿಗೆ ನಿಂತ ಮನುಷ್ಯನಿಗೆ ಸುಧನ್ವನಿಗೆ ಬಂದ ಕಷ್ಟ ಎಂದೂ ಬರುವುದಿಲ್ಲ. ಆಡಿಸುವವರನ್ನು ದ್ವೇಷಿಸುವುದು ಸುಲಭ. ತಾನು ಪ್ರೀತಿಸುವ ದೇವರೇ ಎದುರುಪಕ್ಷದ ಬಾಣಕ್ಕೆ ಬಲ ತುಂಬುವುದನ್ನು ನೋಡುತ್ತಾ ಬಿಲ್ಲನ್ನು ಎಳೆಯುವುದು ಬೇರೆಯೇ ಮಾತು. ದೇವತೆಗಳು ಎರಡು ಪಕ್ಷಗಳಾಗಿ ಕಾದಾಡುವ ಕಥೆ ಎಷ್ಟೇ ಆರ್ಭಟದ್ದಾಗಿದ್ದರೂ, ಒಂದೇ ದೇವರು ಎರಡೂ ಪಕ್ಷಗಳಲ್ಲಿ ಇರುವ ಕಥೆಯಷ್ಟು ಭಯವನ್ನು ಅದು ಹುಟ್ಟಿಸಲಾರದು.

ಕರಾರು ಮುಗಿದ ಮೇಲೆ

ಲಕ್ಷ್ಮೀಶನ ಅರ್ಜುನ ಮುಂದೆ ಮಣಿಪುರದಲ್ಲಿ ಮಗ ಬಭ್ರುವಾಹನನ ಕೈಯಲ್ಲೇ ಸಾಯುತ್ತಾನೆ, ಪಾತಾಳದಿಂದ ತಂದ ಸಂಜೀವಕ ಮಣಿಯಿಂದ ಎದ್ದೇಳುತ್ತಾನೆ. ಗಾಂಡೀವ ಅಲ್ಲಿಯೂ ಅವನನ್ನು ಕಾಯಲಿಲ್ಲ. ವ್ಯಾಸಭಾರತದ ಮೌಸಲಪರ್ವದಲ್ಲಂತೂ ಇದು ಇನ್ನೂ ನಿಷ್ಠುರವಾಗಿದೆ. ಕೃಷ್ಣನಿಲ್ಲದ ದ್ವಾರಕೆಯಿಂದ ಹೆಂಗಸರು ಮಕ್ಕಳನ್ನು ಕರೆದುಕೊಂಡು ಬರುವಾಗ ಆಭೀರರು ಕೋಲುಗಳನ್ನು ಹಿಡಿದು ದಾಳಿ ಮಾಡುತ್ತಾರೆ. ಅರ್ಜುನ ಪ್ರಯಾಸಪಟ್ಟು ಬಿಲ್ಲಿಗೆ ಹೆದೆಯೇರಿಸುತ್ತಾನೆ. ಅಸ್ತ್ರಗಳ ಮಂತ್ರ ನೆನಪಿಗೆ ಬಾರದು. ಅಕ್ಷಯವೆಂದು ಹೆಸರಾದ ಬತ್ತಳಿಕೆ ಬರಿದಾಗುತ್ತದೆ. ಕೊನೆಗೆ ಬಿಲ್ಲಿನ ತುದಿಯಿಂದಲೇ ಹೊಡೆಯುತ್ತಾನೆ. ಆಮೇಲೆ ವ್ಯಾಸರು ಅವನಿಗೆ ಹೇಳುವುದಿಷ್ಟು: ಆ ಅಸ್ತ್ರಗಳು ಬಂದ ಕೆಲಸ ಮುಗಿಯಿತು, ಬಂದಲ್ಲಿಗೇ ಹಿಂದಿರುಗಿದವು. ಖಾಂಡವವನದ ಕಾಲದಲ್ಲಿ ವರುಣನಿಂದ ಕೊಡಿಸಿದ್ದ ಗಾಂಡೀವವನ್ನು ಮಹಾಪ್ರಸ್ಥಾನದಲ್ಲಿ ಅಗ್ನಿ ದಾರಿಗಡ್ಡ ನಿಂತು ವಾಪಸು ಕೇಳುತ್ತಾನೆ, ಅರ್ಜುನ ಅದನ್ನು ನೀರಿಗೆ ಹಾಕುತ್ತಾನೆ. ಆಯುಧ ಕೊಟ್ಟವರಿಗೆ ಅದನ್ನು ಕೊಟ್ಟದ್ದು ನೆನಪಿದೆ.

ಹೀಗೆ ನೋಡಿದರೆ, ದೈವದತ್ತ ಆಯುಧದ ಕಥೆಯಲ್ಲಿ ಮೊದಲ ಭಾಗಕ್ಕೆ ಸೇರಿದ್ದು ವರ, ಎರಡನೆಯ ಭಾಗಕ್ಕೆ ಸೇರಿದ್ದು ಆ ವರದ ಕರಾರು ಜಾರಿಗೆ ಬರುವುದು. ಕರ್ಣಪರ್ವದ ತಾಳಮದ್ದಳೆಯಲ್ಲಿ ಸರ್ಪಾಸ್ತ್ರ ಗುರಿ ತಪ್ಪಿ ಅರ್ಜುನನ ಕಿರೀಟವನ್ನು ಹಾರಿಸಿ ಹಿಂದಕ್ಕೆ ಬಂದು, ಮತ್ತೆ ತೊಡು ಎಂದು ಬೇಡುವಾಗ ಕರ್ಣ ಒಲ್ಲೆನೆನ್ನುತ್ತಾನಲ್ಲ, ಅಲ್ಲಿ ಕೇಳುಗರು ಉಸಿರು ಹಿಡಿದು ಕೂರುವುದು ಅಸ್ತ್ರದ ಶಕ್ತಿಗಾಗಿ ಅಲ್ಲ. ಕುಂತಿಗೆ ಕೊಟ್ಟ ಮಾತು ಈಗ ವಸೂಲಾಗುತ್ತಿದೆ ಎಂಬ ಅರಿವಿಗಾಗಿ. ಹೊಸ ಅಸ್ತ್ರವೊಂದನ್ನು ಆ ಹೊತ್ತಿನಲ್ಲಿ ಕರ್ಣನ ಕೈಗೆ ತಂದುಕೊಟ್ಟರೆ ಪ್ರಸಂಗ ಅಲ್ಲೇ ಸತ್ತುಹೋಗುತ್ತದೆ.

ಸೇಬರ್‌ಹೇಗನ್ ಈ ಲೆಕ್ಕವನ್ನು ಎರಡನೆಯ ಸಂಪುಟದಲ್ಲಿ ಚೆನ್ನಾಗಿ ನಡೆಸಿ, ಮೂರನೆಯದರಲ್ಲಿ ಅವಸರಪಟ್ಟನೆಂದು ನನ್ನ ಅಭಿಪ್ರಾಯ. ಅಲ್ಲಿ ದೇವತೆಗಳು ಕರಗಿಹೋಗುತ್ತಾರೆ. ಹನ್ನೆರಡು ಖಡ್ಗಗಳನ್ನು ಮಾಡಿಸಿ, ಕಮ್ಮಾರರನ್ನು ಕೊಂದು, ಒಬ್ಬನ ಬಲಗೈಯನ್ನು ತೆಗೆದುಕೊಂಡವರು ಯಾರಿಗೂ ಉತ್ತರ ಕೊಡದೆ ಇಲ್ಲವಾಗುವುದು ನನಗೆ ಸಮಾಧಾನ ತರಲಿಲ್ಲ. ಅಗ್ನಿಯಂತೆ ಬಂದು ವಾಪಸು ಕೇಳುವ ಸೌಜನ್ಯವಾದರೂ ಅವರಲ್ಲಿ ಒಬ್ಬನಿಗೆ ಇರಬಹುದಿತ್ತು. ಆದರೆ ಇದರಿಂದ ಒಂದು ಲಾಭವೂ ಆಯಿತು. ದೇವತೆಗಳು ಹೋದರು, ಕತ್ತಿಗಳು ಉಳಿದವು. 1986ರಿಂದ 1994ರ ತನಕ ಲೇಖಕ ಇನ್ನೂ ಎಂಟು ಸಂಪುಟಗಳನ್ನು, ಬಹುಮಟ್ಟಿಗೆ ಒಂದೊಂದು ಖಡ್ಗದ ಹೆಸರಿನಲ್ಲಿ, ಬರೆದ. ಆಟ ಹೂಡಿದವರು ಎದ್ದು ಹೋದ ಮೇಲೂ ಕಾಯಿಗಳು ಒಂದನ್ನೊಂದು ಕಡಿಯುತ್ತಲೇ ಇರುವ ಆ ಲೋಕದಲ್ಲಿ ದೂರಲು ಯಾರೂ ಇಲ್ಲ. ಫಾರ್‌ಸ್ಲೇಯರ್ ಹೆಸರಿನ ಸಂಪುಟದಲ್ಲಿ ಹಗೆಯುಳ್ಳ ಎರಡು ಮನೆತನಗಳು ಅದನ್ನು ಅತ್ತಿಂದಿತ್ತ ಎಸೆಯುತ್ತಾ ಒಬ್ಬರನ್ನೊಬ್ಬರು ಮುಗಿಸುತ್ತವೆ, ಪ್ರತಿ ಸಲವೂ ಕತ್ತಿ ಸತ್ತವನ ಮನೆಯವರ ಕೈಗೇ ಸಿಗುತ್ತದೆ.

ಈ ಎಂಟರಲ್ಲಿ ನಾನು ಯಾರಿಗಾದರೂ ಕೊಡುವುದಾದರೆ ಮೊದಲನೆಯದನ್ನು, ವೂಂಡ್‌ಹೀಲರ್ ಹೆಸರಿನದನ್ನು ಕೊಡುತ್ತೇನೆ. ಆ ಖಡ್ಗ ಯಾರನ್ನೂ ಗಾಯಗೊಳಿಸಲಾರದು. ಮೈಗೆ ಚುಚ್ಚಿದರೆ ರೋಗ ವಾಸಿಯಾಗುತ್ತದೆ. ಹನ್ನೆರಡರಲ್ಲಿ ಕರಾರಿಲ್ಲದ್ದು ಇದೊಂದೇ ಎಂದು ಓದುವಾಗ ಅನ್ನಿಸುತ್ತದೆ. ಈಗ ಅರಸುಮನೆತನಕ್ಕೆ ಸೇರಿರುವ ಮಾರ್ಕ್‌ನ ಮಗ ಹುಟ್ಟುಕುರುಡ. ತಂದೆ ಅದನ್ನು ಹುಡುಕಿಕೊಂಡು ಹೊರಡುತ್ತಾನೆ. ಅದರ ಹಿಂದೆ ಬೇರೆಯವರೂ ಹೊರಟಿದ್ದಾರೆ. ಗುಣಪಡಿಸುವ ಕತ್ತಿಗಾಗಿಯೂ ಜನ ಕೊಲ್ಲುವ ಕತ್ತಿಗಳನ್ನೇ ಹಿಡಿದು ಬರುತ್ತಾರೆ, ಊರು ಕಾಯಲು ಅಣ್ಣ ಸತ್ತದ್ದನ್ನು ಕಂಡಿದ್ದ ಮಾರ್ಕ್ ಕೂಡ ಈ ಸಲ ಹೊರಟಿರುವುದು ತನ್ನ ಮಗನೊಬ್ಬನಿಗಾಗಿ. ಅವನು ಅದನ್ನು ಮನೆಗೆ ತರುವುದು ಸರಿಯೇ, ಅಥವಾ ಗಾಯಾಳುಗಳು ಸಾಲುಗಟ್ಟಿ ನಿಂತಿರುವ ಕಡೆಯೇ ಅದು ಇರಬೇಕೇ ಎಂದು ಅಕ್ಕನ ಮಗನನ್ನು ಫೋನಿನಲ್ಲಿ ಕೇಳಿದೆ. "ಮಗ ಕುರುಡನಾಗಿರುವವನನ್ನು ಆ ಪ್ರಶ್ನೆ ಕೇಳಬಾರದು ಮಾವ" ಎಂದ. ನಾನು ಒಪ್ಪಲಿಲ್ಲ, ವಾದ ಇನ್ನೂ ಮುಗಿದಿಲ್ಲ, ದಸರೆಗೆ ಬರುತ್ತೇನೆ ಎಂದಿದ್ದಾನೆ.